ಮಾಂಟಿ ಪೈಥಾನ್ ಈಗ ನೋಡಿದ್ರೆ ನಗು ಬರುತ್ತಾ?

(ಗೆಳೆಯರ ಒಂದು ಸಣ್ಣ ಕೂಟದಲ್ಲಿ ಮಾತಾಡಿದ್ದರ ಬರಹ ರೂಪ ಇದು. ಮಾತಿನ ಧಾಟಿ ಆದಷ್ಟು ಹಾಗೇ ಇಟ್ಟಿದ್ದೀನಿ, ಅಲ್ಲಿ ತೋರಿಸಿದ ಕ್ಲಿಪ್‌ಗಳನ್ನ ಇಲ್ಲಿ ಬಾಯಲ್ಲೇ ಹೇಳಬೇಕಾಗಿ ಬಂದಿದ್ದರಿಂದ ಸ್ವಲ್ಪ ಉದ್ದ ಆಗಿದೆ.)

ಎಲ್ಲರಿಗೂ ನಮಸ್ಕಾರ. ಮೊದಲು ಒಂದು ಪ್ರಶ್ನೆ. ಇಲ್ಲಿ ಎಷ್ಟು ಜನ ಪೈಥಾನ್‌ನಲ್ಲಿ ಕೋಡ್ ಬರೀತೀರಾ, ಕೈ ಎತ್ತಿ. ಸರಿ, ಅರ್ಧಕ್ಕಿಂತ ಜಾಸ್ತಿ, ಬೆಂಗಳೂರು ಅಂದಮೇಲೆ ಅಷ್ಟಿರಲೇಬೇಕು. ಈಗ ಅದರಲ್ಲಿ ಎಷ್ಟು ಜನ ಮಾಂಟಿ ಪೈಥಾನ್, ಅದೇ ಬ್ರಿಟನ್ನಿನ ಬಿಬಿಸಿಯ ಹಳೇ ಟಿವಿ ಕಾಮಿಡಿ ಶೋ, ಅದರ ಒಂದು ಎಪಿಸೋಡನ್ನ ಮೊದಲಿಂದ ಕೊನೇವರೆಗೆ, ಅರ್ಧ ಗಂಟೆ ಪೂರ್ತಿ ಕೂತು ನೋಡಿದ್ದೀರಾ? ನೋಡಿ, ಕೈಗಳೆಲ್ಲ ಕೆಳಗೆ ಹೋದ್ವು.

ಗೈಡೋ ವಾನ್ ರೋಸಮ್ 1989ರ ಕೊನೇಲಿ ಆ ಭಾಷೆ ಶುರು ಮಾಡಿದಾಗ ಈ ಶೋದ ಸ್ಕ್ರಿಪ್ಟ್‌ಗಳನ್ನ ಪುಸ್ತಕದಲ್ಲಿ ಓದ್ತಿದ್ರು, ಹೆಸರು ಅಲ್ಲಿಂದ ಬಂದಿದ್ದು, ಲೋಗೋದಲ್ಲಿರೋ ಹಾವುಗಳೆಲ್ಲ ಆಮೇಲೆ ಸೇರಿಕೊಂಡಿದ್ದು. ಡಾಕ್ಯುಮೆಂಟೇಶನ್ ತೆಗೆದ್ರೆ ಉದಾಹರಣೆಗಳಲ್ಲಿ ಸ್ಪ್ಯಾಮ್, ಎಗ್ಸ್ ಅಂತ ವೇರಿಯಬಲ್‌ಗಳು ಬರ್ತಾವಲ್ಲ, ಅವೂ ಶೋದಿಂದ ಬಂದವೇ. ನೀವು ಪ್ಯಾಕೇಜ್ ಇಳಿಸಿಕೊಳ್ಳೋ ಜಾಗಕ್ಕೆ ಮುಂಚೆ ಚೀಸ್ ಶಾಪ್ ಅಂತ ಹೆಸರಿತ್ತು, ಅದೂ ಈ ಶೋದ ಒಂದು ಸ್ಕೆಚ್, ಅಂದ್ರೆ ಒಂದು ಪುಟ್ಟ ಹಾಸ್ಯ ನಾಟಕ. ನಿಮ್ಮ ಮೇಲ್‌ಬಾಕ್ಸ್‌ನ ಸ್ಪ್ಯಾಮ್ ಫೋಲ್ಡರ್ ಇದೆಯಲ್ಲ, ಅದೂ 1970ರ ಡಿಸೆಂಬರಲ್ಲಿ ಬಂದ ಇವರ ಸ್ಕೆಚ್‌ದೇ ಕಾಣಿಕೆ. ಅಂದ್ರೆ ಶೋ ನೋಡದೇನೇ ಅದರ ತುಂಡುಗಳ ಜೊತೆ ದಿನಾ ಕೆಲಸ ಮಾಡ್ತಿದ್ದೀವಿ. ಇವತ್ತು ನಾನು ಹೇಳಬೇಕು ಅಂದುಕೊಂಡಿರೋದು ಈ ತುಂಡುಗಳ ಬಗ್ಗೇನೇ. ತುಂಡುಗಳಿಗೆ ವಯಸ್ಸಾಗಿದೆ, ಕೆಲವಕ್ಕಂತೂ ವಿಪರೀತ ವಯಸ್ಸಾಗಿದೆ, ಆದ್ರೆ ಪೂರ್ತಿ ಎಪಿಸೋಡಿಗೆ ಆಗಿಲ್ಲ. ಸಾಮಾನ್ಯವಾಗಿ ಇದರ ಉಲ್ಟಾ ಹೇಳ್ತಾರೆ, ಒಳ್ಳೊಳ್ಳೆ ಸ್ಕೆಚ್ ಆರಿಸಿಕೊಂಡು ನೋಡಿ, ಮಿಕ್ಕಿದ್ದೆಲ್ಲ ಬೋರು ಅಂತ. ನಾನು ಒಪ್ಪಲ್ಲ.

ಹಿನ್ನೆಲೆ ಬೇಗ ಹೇಳಿಬಿಡ್ತೀನಿ. ಆರು ಜನ. ಜಾನ್ ಕ್ಲೀಸ್, ಗ್ರಹಾಂ ಚಾಪ್‌ಮನ್, ಎರಿಕ್ ಐಡಲ್ ಕೇಂಬ್ರಿಜ್‌ನಲ್ಲಿ ಓದಿದವರು, ಮೈಕೆಲ್ ಪೇಲಿನ್ ಮತ್ತೆ ಟೆರ್ರಿ ಜೋನ್ಸ್ ಆಕ್ಸ್‌ಫರ್ಡ್‌ನವರು, ಟೆರ್ರಿ ಗಿಲಿಯಂ ಅಮೆರಿಕದಿಂದ ಬಂದ ಚಿತ್ರಕಾರ. ಬಿಬಿಸಿಯ ಕಾಮಿಡಿ ವಿಭಾಗದ ಮುಖ್ಯಸ್ಥ ಮೈಕೆಲ್ ಮಿಲ್ಸ್ ಇವರನ್ನ ಕೂರಿಸಿಕೊಂಡು ಶೋದಲ್ಲಿ ಏನಿರುತ್ತೆ, ಸಂಗೀತ ಇರುತ್ತಾ, ಗೆಸ್ಟ್ ಇರ್ತಾರಾ, ಹೆಸರೇನು ಅಂತ ಕೇಳಿದ್ರೆ ಇವರ ಹತ್ರ ಒಂದಕ್ಕೂ ಸರಿಯಾದ ಉತ್ತರ ಇರಲಿಲ್ಲ, ಆದ್ರೂ ಆತ ಹದಿಮೂರು ಎಪಿಸೋಡ್ ಕೊಟ್ಟು ಕಳಿಸಿದ. ಈಗಿನ ಕಾಲದಲ್ಲಿ ಪಿಚ್ ಡೆಕ್ ಇಲ್ದೇ ಯಾರಾದ್ರೂ ಬಾಗಿಲು ತೆಗೀತಾರಾ, ನೀವೇ ಹೇಳಿ. 1969ರ ಅಕ್ಟೋಬರ್ 5, ಭಾನುವಾರ ರಾತ್ರಿ ಹೊತ್ತು ಮೀರಿ ಮೊದಲ ಎಪಿಸೋಡ್ ಬಂತು. 1974ರ ಡಿಸೆಂಬರ್‌ವರೆಗೆ ನಾಲ್ಕು ಸೀಸನ್, ಒಟ್ಟು 45 ಎಪಿಸೋಡ್. ಕೊನೇ ಸೀಸನ್ ಹೊತ್ತಿಗೆ ಕ್ಲೀಸ್ ಬಿಟ್ಟು ಹೋಗಿದ್ರು, ಮಾಡಿದ್ದನ್ನೇ ಮಾಡ್ತಿದ್ದೀವಿ ಅನ್ನೋ ಬೇಜಾರು ಅವರಿಗೆ.

ಈಗ ಗಿಣಿ ಸ್ಕೆಚ್ಚಿಗೆ ಬರೋಣ, ಇದು ನಿಮ್ಮಲ್ಲಿ ಸುಮಾರು ಜನಕ್ಕೆ ಗೊತ್ತಿರುತ್ತೆ. 1969ರ ಡಿಸೆಂಬರ್ 7, ಎಂಟನೇ ಎಪಿಸೋಡ್. ಕ್ಲೀಸ್ ಸತ್ತ ಗಿಣಿ ಇರೋ ಪಂಜರ ಹಿಡ್ಕೊಂಡು ಅಂಗಡಿಗೆ ಬರ್ತಾರೆ, ನೀವು ಮಾರಿದ್ದು ಸತ್ತಿರೋ ಹಕ್ಕಿ ಕಣ್ರೀ ಅಂತ. ಪೇಲಿನ್ ಅಂಗಡಿಯವನು. ಇಲ್ಲ ಸಾರ್ ರೆಸ್ಟ್ ತಗೋತಿದೆ, ಊರು ನೆನಪಾಗಿ ಸಪ್ಪಗಿದೆ, ಪುಕ್ಕ ನೋಡಿ ಎಷ್ಟು ಚೆನ್ನಾಗಿದೆ ಅಂತಾನೇ ಇರ್ತಾನೆ. ಕ್ಲೀಸ್ ಆ ಹಕ್ಕಿನ ಕೌಂಟರ್ ಮೇಲೆ ಟಕ್ ಟಕ್ ಅಂತ ಕುಟ್ಟಿ, ಮೇಲಕ್ಕೆ ಎಸೆದು, ಅದು ನೆಲಕ್ಕೆ ಬಿದ್ದ ಮೇಲೆ, ಸತ್ತಿದೆ ಅನ್ನೋದನ್ನ ಎಷ್ಟು ಥರ ಹೇಳಬಹುದೋ ಅಷ್ಟೂ ಥರ ಹೇಳ್ತಾರೆ. ಇದಕ್ಕೆ ಮೂಲ ಪೇಲಿನ್ ಹೇಳಿದ್ದ ಒಬ್ಬ ಕಾರು ಗ್ಯಾರೇಜಿನವನ ಕಥೆ, ಗಾಡೀಲಿ ಏನೇ ಕೆಟ್ಟಿದ್ರೂ ಅದು ಹಾಗೇ ಇರಬೇಕಾದ್ದು ಸಾರ್ ಅಂತ ಸಾಧಿಸೋನು. 1968ರಲ್ಲಿ ಬೇರೊಂದು ಕಾರ್ಯಕ್ರಮಕ್ಕೆ ಅದನ್ನ ಕಾರಿನ ಸ್ಕೆಚ್ಚಾಗೇ ಮಾಡಿದ್ರು, ಆಮೇಲೆ ಕಾರು ಹೋಗಿ ಗಿಣಿ ಬಂತು.

ಕ್ಲಿಪ್ ಸಾಮಾನ್ಯವಾಗಿ ಆ ಸತ್ತ ಪಟ್ಟಿ ಮುಗಿದ ಕೂಡಲೇ ಕಟ್ ಆಗುತ್ತೆ. ಎಪಿಸೋಡಲ್ಲಿ ಅದು ಅಲ್ಲಿಗೆ ಮುಗಿಯಲ್ಲ. ಬೋಲ್ಟನ್ ಅನ್ನೋ ಊರಲ್ಲಿ ನಮ್ಮಣ್ಣನ ಅಂಗಡಿ ಇದೆ, ಅಲ್ಲಿ ಬದಲಾಯಿಸಿ ಕೊಡ್ತಾನೆ ಅಂತ ಅಂಗಡಿಯವನು ಕಳಿಸ್ತಾನೆ. ಕ್ಲೀಸ್ ಹೋದ್ರೆ ಅದೇ ಅಂಗಡಿ, ಅದೇ ಪೇಲಿನ್, ಒಂದು ಮೀಸೆ ಅಂಟಿಸಿಕೊಂಡಿದ್ದಾನೆ, ಇದು ಬೋಲ್ಟನ್ ಅಲ್ಲ ಇಪ್ಸ್‌ವಿಚ್ ಅಂತಾನೆ. ಕ್ಲೀಸ್ ರೈಲ್ವೆಯವರ ಹತ್ರ ದೂರು ಕೊಡೋಕೆ ಹೋಗ್ತಾರೆ, ವಾಪಸ್ ಬರ್ತಾರೆ, ಹಾಗಲ್ಲ ಇದು ಬೋಲ್ಟನ್ನೇ ನಾನು ತಮಾಷೆ ಮಾಡಿದೆ ಅಂತಾನೆ, ಅದರ ಮೇಲೊಂದು ವಾದ, ಕೊನೆಗೆ ಕ್ಲೀಸ್ ಇದು ಅತಿಯಾಯ್ತು ನಾನು ಮುಂದುವರಿಸಲ್ಲ ಅಂದಾಗ ಚಾಪ್‌ಮನ್ ಮಿಲಿಟರಿ ಕರ್ನಲ್ ಡ್ರೆಸ್ಸಲ್ಲಿ ಬಂದು ಹೌದು ಹೌದು ತೀರಾ ಅತಿಯಾಯ್ತು ನಿಲ್ಲಿಸಿ ಅಂತ ಸ್ಕೆಚ್ಚನ್ನೇ ನಿಲ್ಲಿಸ್ತಾನೆ.

ಈ ಕರ್ನಲ್ ಯಾರು? ಕ್ಲಿಪ್ ನೋಡಿದವನಿಗೆ ಯಾರೋ ದಾರೀಲಿ ಹೋಗೋನು. ಎಪಿಸೋಡ್ ನೋಡಿದವನಿಗೆ ಆತ ಮೊದಲ ಸ್ಕೆಚ್ಚಿಂದಲೇ ಪರಿಚಯ. ಇಬ್ಬರು ಮಾಫಿಯಾ ಅಣ್ಣತಮ್ಮಂದಿರು ಸೈನ್ಯದ ಕ್ಯಾಂಪಿಗೇ ಬಂದು, ಎಷ್ಟು ಚೆನ್ನಾಗಿರೋ ಟ್ಯಾಂಕು ಸಾರ್, ಏನಾದ್ರೂ ಆಗಿಬಿಟ್ರೆ ಪಾಪ ಅಂತ ಮಾಮೂಲಿ ಕೇಳ್ತಾರೆ, ಆ ಕರ್ನಲ್ ಈತನೇ. ಅಲ್ಲೇ ಆತ ಈ ಸ್ಕೆಚ್ ಕೆಟ್ಟದಾಗಿ ಬರೆದಿದ್ದಾರೆ ಅಂತ ನಿಲ್ಲಿಸಿಬಿಟ್ಟಿದ್ದ. ಅಲ್ಲಿಂದ ಎಪಿಸೋಡ್ ಉದ್ದಕ್ಕೂ ಶಿಸ್ತು ಕಾಪಾಡೋಕೆ ಓಡಾಡ್ತಾನೆ. ನಡುವೆ ಹಾಸಿಗೆ ಅಂಗಡಿ ಸ್ಕೆಚ್ ಬರುತ್ತೆ, ಅಲ್ಲಿ ಒಬ್ಬ ಸೇಲ್ಸ್‌ಮನ್ ಎದುರು ಮ್ಯಾಟ್ರೆಸ್ ಅನ್ನಬಾರದು, ಅಂದ್ರೆ ಆತ ತಲೆಗೆ ಚೀಲ ಹಾಕ್ಕೊಂಡು ನಿಂತುಬಿಡ್ತಾನೆ, ಅವನ ಚೀಲ ತೆಗೆಸೋಕೆ ಮಿಕ್ಕವರು ಟೀ ಪೆಟ್ಟಿಗೆ ಒಳಗೆ ನಿಂತು ಹಾಡಬೇಕು. ಅಂಗಡಿ ಸಿಬ್ಬಂದಿ ಒಬ್ಬರಿಗೂ ಇದು ವಿಚಿತ್ರ ಅನ್ಸಲ್ಲ, ಅಯ್ಯೋ ಮೊದಲೇ ಹೇಳಬೇಕಿತ್ತು ಸಾರ್, ಅವರ ಹತ್ರ ಡಾಗ್ ಕೆನೆಲ್ ಅನ್ನಬೇಕು ಅಂತ ಸಮಾಧಾನವಾಗಿ ಹೇಳ್ತಾರೆ. ಗಿಣಿ ಅಂಗಡಿಗೆ ಬರೋ ಹೊತ್ತಿಗೆ ನಿಮಗೆ ಅಂಗಡಿಗಳ ಮೇಲೆ ನಂಬಿಕೆ ಪೂರ್ತಿ ಹೋಗಿರುತ್ತೆ. ಕರ್ನಲ್ ಯಾವಾಗ ಬರ್ತಾನೋ ಅಂತ ಒಂದು ಕಣ್ಣು ಬಾಗಿಲ ಮೇಲಿರುತ್ತೆ. ಗಿಣಿಗೆ ನಗೋದಕ್ಕಿಂತ ಇದಕ್ಕೆ ಜಾಸ್ತಿ ನಗು ಬರೋದು. ಬರೀ ಗಿಣಿ ಕ್ಲಿಪ್ ನೋಡೋದು ಅಂದ್ರೆ ಸಾರು ಬಿಟ್ಟು ಒಗ್ಗರಣೆ ಮಾತ್ರ ತಿಂದಂಗೆ.

ಈ ಜೋಡಣೆ ಎಲ್ಲಿಂದ ಬಂತು? ಆಗಿನ ಸ್ಕೆಚ್ ಕಾಮಿಡಿಗೆ ಒಂದು ರೂಲ್ ಇತ್ತು, ಕೊನೇಲಿ ಪಂಚ್ ಬೇಕು, ಪಂಚ್ ಬಿದ್ದ ಕೂಡಲೇ ಲೈಟ್ ಆಫ್, ಚಪ್ಪಾಳೆ, ಮುಂದಿನದು. ಎಷ್ಟೋ ಒಳ್ಳೆ ಐಡಿಯಾಗಳು ಪಂಚ್ ಸಿಗದೇ ಸತ್ತು ಹೋಗ್ತಿದ್ವು. ಅದೇ 1969ರ ಶುರುವಿನಲ್ಲಿ ಸ್ಪೈಕ್ ಮಿಲಿಗನ್ ಅವರ ಕ್ಯೂ ಫೈವ್ ಅನ್ನೋ ಶೋ ಬಂತು. ಈ ಮಿಲಿಗನ್ ಹುಟ್ಟಿದ್ದು ನಮ್ಮ ಪಕ್ಕದ ಮಹಾರಾಷ್ಟ್ರದ ಅಹ್ಮದ್‌ನಗರದಲ್ಲಿ, 1918ರಲ್ಲಿ, ಅಪ್ಪ ಬ್ರಿಟಿಷ್ ಸೈನ್ಯದಲ್ಲಿದ್ರು. ಆತ ಸ್ಕೆಚ್ ನಡುವೆ ಬೇಜಾರಾದ್ರೆ ಬಿಟ್ಟು ಎದ್ದು ಹೋಗಿಬಿಡೋನು. ಜೋನ್ಸ್, ಪೇಲಿನ್ ಅದನ್ನ ನೋಡಿ, ಅಯ್ಯೋ ನಾವು ಮಾಡಬೇಕು ಅಂದುಕೊಂಡಿದ್ದನ್ನ ಇವರು ಆಗಲೇ ಮಾಡಿಬಿಟ್ಟರಲ್ಲ ಅಂತ ಕೂತರು. ಆದ್ರೆ ಇವರ ಹತ್ರ ಮಿಲಿಗನ್ ಹತ್ರ ಇಲ್ಲದ ಒಂದು ವಸ್ತು ಇತ್ತು, ಗಿಲಿಯಂ ಅವರ ಅನಿಮೇಶನ್. ಹಳೇ ವಿಕ್ಟೋರಿಯನ್ ಫೋಟೋ, ಮ್ಯೂಸಿಯಂ ಪೇಂಟಿಂಗ್ ಎಲ್ಲ ಕತ್ತರಿಸಿ, ತಲೆ ಬೇರೆ ಕೈ ಬೇರೆ ಮಾಡಿ ಕ್ಯಾಮೆರಾ ಕೆಳಗೆ ಕುಣಿಸೋದು. ಟೈಟಲ್ ಕೊನೇಲಿ ಮೇಲಿಂದ ಬಂದು ಎಲ್ಲಾನೂ ತುಳಿದು ಹಾಕೋ ಆ ದೊಡ್ಡ ಪಾದ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿರೋ ಬ್ರಾಂಜೀನೋನ ಚಿತ್ರದ ಮನ್ಮಥನ ಕಾಲು. ಈ ಅನಿಮೇಶನ್ ಒಂದು ಸ್ಕೆಚ್ಚಿಂದ ಇನ್ನೊಂದಕ್ಕೆ ಸೇತುವೆ ಆಯ್ತು, ಪಂಚ್‌ನ ಅವಶ್ಯಕತೆ ಹೋಯ್ತು. ಈಗ ನೋಡಿದ್ರೂ ಇಡೀ ಶೋದಲ್ಲಿ ಒಂಚೂರೂ ಮಾಸದೇ ಇರೋದು ಇದು. ಕೈಯಲ್ಲಿ ಮಾಡಿದ್ದು ಅಂತ ಎದ್ದು ಕಾಣುತ್ತೆ, ಅದಕ್ಕೇ ಹಳೇದು ಅನ್ಸಲ್ಲ.

ಇನ್ನೊಂದು ಉದಾಹರಣೆ, ಸ್ಪ್ಯಾನಿಷ್ ಇನ್‌ಕ್ವಿಸಿಶನ್, ಅಂದ್ರೆ ಹಿಂದೆ ಸ್ಪೇನ್‌ನಲ್ಲಿ ಚಿತ್ರಹಿಂಸೆಗೆ ಹೆಸರಾಗಿದ್ದ ಚರ್ಚ್ ವಿಚಾರಣೆ, ಅದರ ಮೇಲಿನ ಸ್ಕೆಚ್, 1970ರ ಸೆಪ್ಟೆಂಬರ್. ಯಾರಾದ್ರೂ ಇಂಥ ವಿಚಾರಣೆ ನಾನು ನಿರೀಕ್ಷಿಸಿರಲಿಲ್ಲಪ್ಪಾ ಅಂದ ಕೂಡಲೇ ಕೆಂಪು ನಿಲುವಂಗಿ ಹಾಕಿದ ಮೂರು ಜನ ಬಾಗಿಲು ಒದ್ದು ಒಳಗೆ ನುಗ್ತಾರೆ. ಚಿತ್ರಹಿಂಸೆ ಅಂತ ಮೆತ್ತನೆ ದಿಂಬಲ್ಲಿ ತಿವಿಯೋದು, ಆರಾಮ ಕುರ್ಚೀಲಿ ಕೂರಿಸೋದು. ಇಷ್ಟು ಎಲ್ಲರಿಗೂ ಗೊತ್ತು. ಆದ್ರೆ ಎಪಿಸೋಡಿನ ತುತ್ತತುದಿಗೆ ಬನ್ನಿ. ಕೋರ್ಟ್ ಸೀನಲ್ಲಿ ಯಾರೋ ಆ ಮಾತು ಹೇಳಿಬಿಡ್ತಾರೆ, ಎಲ್ಲರೂ ಬಾಗಿಲ ಕಡೆ ತಿರುಗ್ತಾರೆ, ಯಾರೂ ಬರಲ್ಲ. ಆ ಮೂರು ಜನ ಇನ್ನೂ ಬಸ್ಸಲ್ಲಿದ್ದಾರೆ! ಸ್ಕ್ರೀನ್ ಮೇಲೆ ಕ್ರೆಡಿಟ್ಸ್ ಓಡೋಕೆ ಶುರುವಾಗಿದೆ, ಅವರಿಗೂ ಅದು ಕಾಣಿಸ್ತಿದೆ, ಅಯ್ಯೋ ಹೆಸರುಗಳು ಬರ್ತಿವೆ ಬೇಗ ಬೇಗ ಅಂತ ಒದ್ದಾಡ್ತಾರೆ, ಕೋರ್ಟಿಗೆ ನುಗ್ಗಿ ಡೈಲಾಗ್ ಶುರು ಮಾಡೋಷ್ಟರಲ್ಲಿ ಸಮಾಪ್ತಿ ಅಂತ ಬಿದ್ದುಹೋಗುತ್ತೆ. ಈ ಜೋಕ್‌ನ ಕ್ಲಿಪ್ ಮಾಡೋಕೇ ಬರಲ್ಲ. ಅರ್ಧ ಗಂಟೆ ಕೂತಿದ್ದಕ್ಕೆ ಸಿಗೋ ಬಡ್ಡಿ ಅದು.

ಟೆಕ್ನಿಕಲ್ ವಿಷಯ ಒಂದು ಹೇಳ್ತೀನಿ, ಇದು ನನಗೆ ತುಂಬಾ ಇಷ್ಟ. ಆ ಕಾಲದ ಬಿಬಿಸಿಯಲ್ಲಿ ಸ್ಟುಡಿಯೋ ಒಳಗಿನದ್ದು ವಿಡಿಯೋ ಟೇಪಲ್ಲಿ, ಹೊರಾಂಗಣದ್ದು 16 ಎಂಎಂ ಫಿಲ್ಮಲ್ಲಿ ತೆಗೀತಿದ್ರು. ಪಾತ್ರ ಬಾಗಿಲು ದಾಟಿ ಹೊರಗೆ ಹೋದ್ರೆ ಇಡೀ ಚಿತ್ರದ ಬಣ್ಣ, ಚಲನೆ ಎಲ್ಲ ಬದಲಾಗಿಬಿಡುತ್ತೆ, ನಮ್ಮ ಹಳೇ ದೂರದರ್ಶನ ನಾಟಕ ನೋಡಿದವರಿಗೆ ಗೊತ್ತಿರುತ್ತೆ ಇದು. ನೋಡೋರು ಅಭ್ಯಾಸವಾಗಿ ಗಮನಿಸ್ತಾನೇ ಇರಲಿಲ್ಲ. ಇವರು 1970ರ ಒಂದು ಸ್ಕೆಚ್ಚಲ್ಲಿ ಒಬ್ಬನನ್ನ ಬಾಗಿಲಾಚೆ ಕಳಿಸ್ತಾರೆ, ಅವನು ಗಾಬರಿಯಾಗಿ ನಿಂತು, ನಾನು ಫಿಲ್ಮಲ್ಲಿದ್ದೀನಿ ಅಂತಾನೆ. ಒಳಗೆ ಬಂದ್ರೆ ಸರಿ, ಕಿಟಕಿಯಿಂದ ಇಣುಕಿದ್ರೆ ಮತ್ತೆ ಫಿಲ್ಮ್. ಕೊನೆಗೆ ಮಹನೀಯರೇ, ನಮ್ಮನ್ನ ಫಿಲ್ಮ್ ಸುತ್ತುವರೆದಿದೆ ಅಂತ ಸಭೆಗೆ ಘೋಷಣೆ ಮಾಡ್ತಾರೆ. ಈಗಿನ ಹುಡುಗರಿಗೆ ತೋರಿಸಿದ್ರೆ ಮೊದಲು ಪ್ರಿಂಟ್ ಸರಿಯಿಲ್ಲ ಅಂತಾರೆ. ಆ ಎಪಿಸೋಡಲ್ಲಿ ಅದುವರೆಗೂ ಬಣ್ಣ ಹೆಂಗೆ ಬದಲಾಗ್ತಿತ್ತು ಅಂತ ಕಣ್ಣಿಗೆ ಗೊತ್ತಾಗಿದ್ರೆ ಮಾತ್ರ ಎರಡು ಸೆಕೆಂಡ್ ಬಿಟ್ಟು ನಗು ಬರುತ್ತೆ.

ಈಗ ಹಾಳಾಗಿರೋ ಭಾಗ. ಅದನ್ನ ಮುಚ್ಚಿಡೋದ್ರಲ್ಲಿ ಅರ್ಥ ಇಲ್ಲ.

ಆಗಿನ ರಾಜಕಾರಣಿಗಳು, ಟಿವಿ ನಿರೂಪಕರ ಹೆಸರಿನ ಮೇಲಿರೋ ಜೋಕುಗಳು ಸತ್ತಿವೆ. ರೆಜಿನಾಲ್ಡ್ ಮೌಡ್ಲಿಂಗ್ ಅಂತ ಪದೇ ಪದೇ ಬರುತ್ತೆ, ಆತ ಆಗ ಗೃಹಮಂತ್ರಿ. ಇದರಲ್ಲಿ ನಮಗೊಂದು ಅನುಕೂಲ ಇದೆ, ಇವತ್ತಿನ ಲಂಡನ್ ಹುಡುಗನಿಗೂ ನಮಗೂ ಅಜ್ಞಾನ ಸಮಸಮ. ಇವು ಬರ್ತವೆ ಹೋಗ್ತವೆ, ತೊಂದರೆ ಇಲ್ಲ.

ತೊಂದರೆ ಇರೋದು ಬೇರೆ ಕಡೆ. ಆರು ಜನ ಗಂಡಸರು ಸೀರಿಯಸ್ಸಾಗಿ ಬರೆದ ಹೆಣ್ಣು ಪಾತ್ರ ಅಂತ ಹೆಚ್ಚುಕಮ್ಮಿ ಒಂದೂ ಇಲ್ಲ. ಒಂದೋ ತಾವೇ ಫ್ರಾಕು ಹಾಕ್ಕೊಂಡು ಕೀರಲು ದನೀಲಿ ಕಿರುಚೋ ನಡುವಯಸ್ಸಿನ ಹೆಂಗಸರು, ಇಲ್ಲಾ ಕ್ಯಾರಲ್ ಕ್ಲೀವ್‌ಲೆಂಡ್ ಬಂದು ಕಮ್ಮಿ ಬಟ್ಟೆಯಲ್ಲಿ ನಿಲ್ಲೋದು. ಆಕೆ ಒಳ್ಳೆ ಕಾಮಿಡಿ ನಟಿ, ಟೈಮಿಂಗ್ ಬಿಗಿಯಾಗಿದೆ, ಕೊಟ್ಟ ಎರಡು ಸಾಲಲ್ಲೇ ಗೊತ್ತಾಗುತ್ತೆ, ಕೊಟ್ಟಿದ್ದೇ ಎರಡು ಸಾಲು. ಹಾಗೇ ಮುಖಕ್ಕೆ ಕಪ್ಪು, ಕಂದು ಬಣ್ಣ ಬಳಿದುಕೊಂಡು ಬೇರೆ ದೇಶದವರಾಗೋದು, ಸಲಿಂಗಿಗಳನ್ನ ಸೊಂಟ ಬಳುಕಿಸಿ ತೋರಿಸೋದು. ಚಾಪ್‌ಮನ್ ಸ್ವತಃ ಸಲಿಂಗಿ, ಆ ಕಾಲದಲ್ಲೇ ಅದನ್ನ ಮುಚ್ಚಿಡದೇ ಬದುಕಿದವರು, ಆದ್ರೂ ಆ ಜೋಕುಗಳು ಅಷ್ಟರಿಂದ ಬಚಾವಾಗಲ್ಲ. ಸಭೆಯಲ್ಲಿ ಮೇಡಂ ಒಬ್ಬರು, ನಮ್ಮ ಕಾಮಿಡಿ ಶೋಗಳಲ್ಲಿ ಈಗಲೂ ಗಂಡಸರು ಸೀರೆ ಉಟ್ಟುಕೊಂಡು ಅದನ್ನೇ ಮಾಡ್ತಿಲ್ವಾ ಅಂದ್ರು. ಮಾಡ್ತಿದ್ದಾರೆ ಮೇಡಂ. ಯಕ್ಷಗಾನದ ಸ್ತ್ರೀವೇಷ ನೋಡಿ ಬೆಳೆದ ನಾಡಲ್ಲಿ ಹೆಣ್ಣು ವೇಷ ಅಂದ್ರೆ ಕೀರಲು ದನಿ ಅಷ್ಟೇ ಅಂತ ಆಗಿಹೋಗಿದೆ, 50 ವರ್ಷ ಹಿಂದಿನವರನ್ನ ನಾವು ಬೈಯೋದು ಸುಲಭ.

ಒಂದೇ ಅರ್ಧ ಗಂಟೇಲಿ ಇವರ ಅತಿ ಒಳ್ಳೇದು, ಅತಿ ಕೆಟ್ಟದ್ದು ಎರಡೂ ನೋಡಬೇಕು ಅಂದ್ರೆ ಮೂರನೇ ಸೀಸನ್ನಿನ 29ನೇ ಎಪಿಸೋಡ್ ಹಾಕಿ, 1972ರ ನವೆಂಬರ್ 2ರದ್ದು. ಶುರುವಲ್ಲೇ ಎಲಿಜಬೆತ್ ರಾಣಿ ಕಾಲದ ಒಂದು ಸ್ಕೆಚ್, ಜಪಾನಿನವನೊಬ್ಬ ಡೈರೆಕ್ಟರ್ ವೇಷ ಹಾಕಿ ಎಲ್ಲರ ಬಾಯಲ್ಲೂ ರ ಬದಲು ಲ, ಲ ಬದಲು ರ ಹೇಳಿಸೋದು. ಅಷ್ಟೇ ಜೋಕು, ನಿಮಿಷಗಟ್ಟಲೆ. ನೋಡ್ತಾ ಕೂತ್ರೆ ಮುಜುಗರ ಆಗುತ್ತೆ, ಅದಕ್ಕಿಂತ ಹೆಚ್ಚಾಗಿ ಬೋರ್ ಆಗುತ್ತೆ. ಅದೇ ಎಪಿಸೋಡಿನ ಕೊನೇಲಿ ಆರ್ಗ್ಯುಮೆಂಟ್ ಕ್ಲಿನಿಕ್. ದುಡ್ಡು ಕಟ್ಟಿ ಜಗಳ ಆಡೋಕೆ ಒಂದು ಆಫೀಸು. ಪೇಲಿನ್ ಒಳಗೆ ಹೋಗಿ ವಾದ ಮಾಡೋ ರೂಮ್ ಇದೇನಾ ಅಂತ ಕೇಳಿದ್ರೆ ಕ್ಲೀಸ್, ಆಗಲೇ ಒಂದ್ಸಲ ಹೇಳಿದೆನಲ್ಲ ಅಂತಾರೆ. ಇಲ್ಲ ಹೇಳಿಲ್ಲ. ಹೇಳಿದ್ದೀನಿ. ಶುರುವಾಯ್ತು. ಸುಮ್ಮನೆ ಅಲ್ಲ ಅಲ್ಲ ಅನ್ನೋದು ವಾದ ಆಗುತ್ತಾ ಅನ್ನೋದರ ಮೇಲೇ ವಾದ, ಕಟ್ಟಿದ ಟೈಮ್ ಮುಗೀತು ಅಂತ ಗಂಟೆ ಬಡಿದ ಮೇಲೆ ಮುಗೀತೋ ಇಲ್ಲವೋ ಅನ್ನೋದರ ಮೇಲೂ ವಾದ. ರಾತ್ರಿ ಒಂಬತ್ತರ ನ್ಯೂಸ್ ಡಿಬೇಟ್ ನೋಡೋರಿಗೆ ನಾನು ಜಾಸ್ತಿ ವಿವರಿಸಬೇಕಾಗಿಲ್ಲ.

ಇಲ್ಲೂ ಕ್ಲಿಪ್ ಮುಂಚೆನೇ ನಿಂತುಹೋಗುತ್ತೆ. ಎಪಿಸೋಡಲ್ಲಿ ಅದಾದ ಮೇಲೆ ಒಬ್ಬ ಪೊಲೀಸ್ ಇನ್ಸ್‌ಪೆಕ್ಟರ್ ಬರ್ತಾನೆ, ಲಘು ಮನರಂಜನೆ ಪೊಲೀಸ್, ಕಾಮಿಡಿ ವಿಭಾಗ. ವಿಚಿತ್ರ ಸ್ಕೆಚ್ ಕಾಯ್ದೆ ಪ್ರಕಾರ ಎಲ್ಲರೂ ಅರೆಸ್ಟ್ ಅಂತಾನೆ. ಇನ್ನೊಬ್ಬ ಬಂದು, ಪಂಚ್ ಇಲ್ಲದೇ ಸುಮ್ಮನೆ ಪೊಲೀಸ್ ನುಗ್ಗಿಸಿ ಸ್ಕೆಚ್ ಮುಗಿಸೋ ಅಪರಾಧಕ್ಕೆ ಆ ಮೊದಲ ಪೊಲೀಸನ್ನೇ ಹಿಡೀತಾನೆ, ಅಷ್ಟರಲ್ಲಿ ತಾನೂ ಅದನ್ನೇ ಮಾಡ್ತಿದ್ದೀನಿ ಅಂತ ಹೊಳೆಯುತ್ತೆ, ಅವನ ಹೆಗಲ ಮೇಲೆ ಇನ್ನೊಂದು ಕೈ. ತಮಗೆ ಅಂಟಿದ ಚಾಳಿಯ ಮೇಲೇ ಇವರು ಕೇಸ್ ಹಾಕ್ಕೊಂಡಿದ್ದಾರೆ. ಅದೇ ಎಪಿಸೋಡಿನ ಜಪಾನಿ ಸ್ಕೆಚ್ಚಲ್ಲಿ ನಗಬೇಕಾಗಿರೋದು ಹೊರಗಿನವನ ನಾಲಿಗೆ ಮೇಲೆ, ಅದಕ್ಕೇ ಅದು ನಿಲ್ಲಲಿಲ್ಲ ಅನ್ಸುತ್ತೆ ನನಗೆ.

ಸಿಲ್ಲಿ ವಾಕ್, ಅಂದ್ರೆ ವಿಚಿತ್ರ ನಡಿಗೆಗಳಿಗೇ ಸರ್ಕಾರದ ಒಂದು ಇಲಾಖೆ ಇರೋ ಸ್ಕೆಚ್, ಅದರ ಬಗ್ಗೆ ಕೇಳ್ತೀರಿ ಅಂತ ಗೊತ್ತು. ಕಾಲು ಎತ್ತಿ ಎತ್ತಿ ನಡೆಯೋದನ್ನ ಎಲ್ಲರೂ ಅನುಕರಿಸ್ತಾರೆ, ಕ್ಲೀಸ್‌ಗೇ ಅದರ ಮೇಲೆ ಬೇಜಾರು ಬಂದುಹೋಗಿತ್ತು. ನಿಜವಾದ ಮಜಾ ಇರೋದು ಒಳಗೆ ಆಫೀಸಲ್ಲಿ. ಪೇಲಿನ್ ತನ್ನ ನಡಿಗೆ ಅಭಿವೃದ್ಧಿಗೆ ಸರ್ಕಾರದ ಗ್ರ್ಯಾಂಟ್ ಕೇಳೋಕೆ ಬಂದಿದ್ದಾನೆ, ನಡೆದು ತೋರಿಸ್ತಾನೆ, ಕ್ಲೀಸ್ ಗಂಭೀರವಾಗಿ, ಬಲಗಾಲು ಏನೂ ಸಿಲ್ಲಿಯಾಗಿಲ್ಲವಲ್ಲ, ಎಡಗಾಲು ಒಂದು ಹೆಜ್ಜೆ ಬಿಟ್ಟು ಒಂದಕ್ಕೆ ಅರ್ಧ ಸುತ್ತು ಹಾಕುತ್ತೆ ಅಷ್ಟೇ ಅಂತಾರೆ, ಬಜೆಟ್ ಕಡಿತ ಆಗಿದೆ, ರಕ್ಷಣಾ ಇಲಾಖೆಗೆ ಜಾಸ್ತಿ ಕೊಟ್ಟುಬಿಟ್ಟರು ಅಂತ ಗೋಳಾಡ್ತಾರೆ. ಸಬ್ಸಿಡಿ ಫೈಲ್ ಹಿಡ್ಕೊಂಡು ಯಾವುದಾದ್ರೂ ಇಲಾಖೆ ಮುಂದೆ ಕಾದವರು ಈ ಭಾಗನ ಇನ್ನೊಂದು ಸಲ ನೋಡಿ.

ತುಂಡು ಮಾಡಬಾರದು ಅಂತ ನಾನೇನೂ ಹೊಸದಾಗಿ ಹೇಳ್ತಿಲ್ಲ, ಅವರೇ ಕೋರ್ಟಿಗೆ ಹೋಗಿದ್ರು. 1975ರಲ್ಲಿ ಅಮೆರಿಕದ ಎಬಿಸಿ ಚಾನೆಲ್ ನಾಲ್ಕನೇ ಸೀಸನ್ನಿನ ಮೂರು ಎಪಿಸೋಡ್ ಸೇರಿಸಿ 90 ನಿಮಿಷದ ಒಂದು ಸ್ಪೆಷಲ್ ಮಾಡಿ, ಜಾಹೀರಾತಿಗೆ ಜಾಗ ಬೇಕು, ಕೆಲವು ಮಾತು ಅಸಭ್ಯ ಅಂತ ಅದರಲ್ಲಿ 24 ನಿಮಿಷ ಕತ್ತರಿಸಿ ಹಾಕಿತು. ನೋಡಿದ ಇವರಿಗೆ ತಲೆಬುಡ ಅರ್ಥ ಆಗಲಿಲ್ಲ. ಡಿಸೆಂಬರಲ್ಲಿ ಎರಡನೇ ಸ್ಪೆಷಲ್ ಬರೋದಿತ್ತು, ಅದನ್ನ ತಡೀಬೇಕು ಅಂತ ನ್ಯೂಯಾರ್ಕಲ್ಲಿ ಕೇಸ್ ಹಾಕಿದ್ರು. ಪ್ರಸಾರ ಆಗ ನಿಲ್ಲಲಿಲ್ಲ, ಆದ್ರೆ 1976ರಲ್ಲಿ ಮೇಲ್ಮನವಿ ಕೋರ್ಟ್ ಇವರ ಪರ ಹೇಳಿತು, ಹಿಂಗೆ ಕತ್ತರಿಸಿ ಇವರ ಹೆಸರಲ್ಲಿ ತೋರಿಸೋದು ತಪ್ಪು ಅಂತ. ಗಿಲಿಯಂ ವರ್ಸಸ್ ಎಬಿಸಿ ಅಂತ ಕಾಪಿರೈಟ್ ಓದೋ ಲಾ ಸ್ಟೂಡೆಂಟ್‌ಗಳಿಗೆ ಗೊತ್ತಿರೋ ಕೇಸ್ ಅದು.

ಅಷ್ಟೆಲ್ಲ ಮಾಡಿದವರು 2008ರಲ್ಲಿ ತಾವೇ ಯೂಟ್ಯೂಬ್ ಚಾನೆಲ್ ತೆರೆದು ತುಂಡು ತುಂಡಾಗಿ ಹಾಕಿದ್ರು. ಜನ ಹೇಗಿದ್ರೂ ಕದ್ದು ಹಾಕ್ತಿದ್ದಾರೆ, ನಾವೇ ಒಳ್ಳೆ ಕ್ವಾಲಿಟಿ ಹಾಕ್ತೀವಿ, ಡಿವಿಡಿ ತಗೊಳ್ಳಿ ಅಂತ ಲೆಕ್ಕ. ವ್ಯಾಪಾರ ಆಯ್ತು, ತಪ್ಪೇನಿಲ್ಲ. 2014ರಲ್ಲಿ ಉಳಿದ ಐದು ಜನ ಲಂಡನ್ನಿನ ಓ2 ಸಭಾಂಗಣದಲ್ಲಿ ಸ್ಟೇಜ್ ಹತ್ತಿದಾಗ ಮೊದಲ ಶೋ ಟಿಕೆಟ್ 43.5 ಸೆಕೆಂಡಲ್ಲಿ ಖಾಲಿ. ಆ ರೆಕಾರ್ಡಿಂಗ್ ನೋಡಿ, ಸಭಿಕರು ಪ್ರತಿ ಡೈಲಾಗ್ ಮುಂಚೆನೇ ನಗೋಕೆ ರೆಡಿ ಇದ್ದಾರೆ. 1969ರ ಸ್ಟುಡಿಯೋ ಪ್ರೇಕ್ಷಕರು ಕೆಲವು ಕಡೆ ನಗಬೇಕಾ ಬೇಡವಾ ಅಂತ ತಿಳೀದೇ ಸುಮ್ಮನಿರೋದು ಕೇಳಿಸುತ್ತೆ. ನನಗೆ ಆ ಹಳೇ ಪ್ರೇಕ್ಷಕರ ಜೊತೆ ಕೂರೋದೇ ಇಷ್ಟ.

ಕೊನೇಲಿ ಬಂದ ಪ್ರಶ್ನೆಗಳಲ್ಲಿ ಎರಡು ಇಲ್ಲಿ ಬರೀತೀನಿ. ರೀಲ್ಸ್ ಕೂಡ ಸಂಬಂಧ ಇಲ್ಲದ್ದೆಲ್ಲ ಒಂದಾದ ಮೇಲೊಂದು ಬರುತ್ತಲ್ಲ ಸರ್, ಅದೂ ಇದೇ ತಾನೇ ಅಂತ ಹುಡುಗನೊಬ್ಬ ಕೇಳಿದ. ಒಳ್ಳೆ ಪ್ರಶ್ನೆ. ವ್ಯತ್ಯಾಸ ಏನಂದ್ರೆ ರೀಲ್ಸ್‌ನಲ್ಲಿ ಮೂರನೇದು ಮೊದಲನೇದನ್ನ ನೆನಪಿಟ್ಟುಕೊಂಡಿರಲ್ಲಪ್ಪ. ಇಲ್ಲಿ ಐದನೇ ನಿಮಿಷದಲ್ಲಿ ಮುಖ ತೋರಿಸಿದ ಕರ್ನಲ್ 25ನೇ ನಿಮಿಷದಲ್ಲಿ ಲೆಕ್ಕ ಕೇಳೋಕೆ ಬರ್ತಾನೆ.

ಇನ್ನೊಬ್ಬರು ಎಲ್ಲಿಂದ ಶುರು ಮಾಡಬೇಕು ಅಂದ್ರು. ಮೊದಲ ಎಪಿಸೋಡಿಂದ ಬೇಡ, ಇನ್ನೂ ಕೈ ಕುದುರಿಲ್ಲ ಅಲ್ಲಿ. ಎಂಟನೇದು ನೋಡಿ, ಆಮೇಲೆ 15ನೇದು, ಸ್ಪ್ಯಾನಿಷ್ ಇನ್‌ಕ್ವಿಸಿಶನ್ ಇರೋದು. ಮೂರನೇದಾಗಿ 29. ಜಪಾನಿ ಸ್ಕೆಚ್ ಬಂದಾಗ ಸ್ಕಿಪ್ ಮಾಡಬೇಕು ಅನ್ಸುತ್ತೆ, ಮಾಡಬೇಡಿ, ಬೈಕೊಂಡಾದ್ರೂ ನೋಡಿ. ನಾಲ್ಕನೇ ಸೀಸನ್ ಕ್ಲೀಸ್ ಇಲ್ಲದೇ ಸೊರಗಿದೆ, ಬಿಟ್ಟರೂ ನಡೆಯುತ್ತೆ. ಸಬ್‌ಟೈಟಲ್ ಹಾಕ್ಕೊಳ್ಳಿ, ಆ ಹೆಂಗಸರ ವೇಷದಲ್ಲಿ ಕಿರುಚೋ ಇಂಗ್ಲಿಷ್ ಯಾರಿಗೂ ಸರಿಯಾಗಿ ಕೇಳಿಸಲ್ಲ.